ಲಡ್ಲೋ: ಸಂತೆ ದಿನ ನೋಡಿಕೊಂಡು ಹೋಗಿ

ಮೊದಲ ಸಲ ಇಂಗ್ಲೆಂಡಿನ ಲಡ್ಲೋಗೆ ಹೋದಾಗ ನಾನು ಮಂಗಳವಾರ ಹೋಗಿದ್ದೆ. ಆಫೀಸಿನಲ್ಲಿ ರಜೆ ಉಳಿದಿತ್ತು, ಮ್ಯಾಂಚೆಸ್ಟರ್‌ನಿಂದ ನೇರ ರೈಲು ಇತ್ತು, ಹತ್ತಿಬಿಟ್ಟೆ. ಕೋಟೆ ಮುಂದಿನ ಚೌಕಕ್ಕೆ ಬಂದು ನಿಂತರೆ ಖಾಲಿ ಕಲ್ಲುಹಾಸು, ನಾಲ್ಕು ಪಾರಿವಾಳ. ಐತಿಹಾಸಿಕ ಸಂತೆ ಊರು ಅಂತ ಓದಿಕೊಂಡು ಹೋದವಳಿಗೆ ಸಂತೆಯೇ ಸಿಗಲಿಲ್ಲ. ರಾತ್ರಿ ಫೋನಿನಲ್ಲಿ ಹೇಳಿದಾಗ ಅಮ್ಮ ಜೋರಾಗಿ ನಕ್ಕಳು. "ಸಂತೆ ಯಾವತ್ತು ಅಂತ ಕೇಳ್ಕೊಂಡು ಹೋಗ್ಬೇಕು ಕಣೇ. ಅಷ್ಟೂ ಗೊತ್ತಾಗಲ್ವಾ?"

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಲಡ್ಲೋ ಸಂತೆ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ. ಉಳಿದ ದಿನಗಳಲ್ಲಿ ಯಾವಾಗಲಾದರೂ ಹಳೇ ಸಾಮಾನಿನ ಸಂತೆ, ರೈತರ ಸಂತೆ ಅಂತ ಇರುತ್ತದೆ. ಆದರೆ ಅದನ್ನು ನಂಬಿಕೊಂಡು ಹೋಗಬೇಡಿ.

ಎರಡನೇ ಸಲ ಹೋಗಿದ್ದು ಅಪ್ಪ ಅಮ್ಮನ ಜೊತೆ. ಪಾಂಡವಪುರದಿಂದ ಮೂರು ತಿಂಗಳಿಗೆ ಅಂತ ಬಂದಿದ್ದರು. ಲಂಡನ್ ತೋರಿಸಿ ಆಗಿತ್ತು. "ಏನಿದೆ ಅಲ್ಲಿ, ಬರೀ ಜನ. ನಮ್ಮ ಮೆಜೆಸ್ಟಿಕ್ಕೇ ವಾಸಿ" ಅಂತ ಅಮ್ಮ ತೀರ್ಪು ಕೊಟ್ಟಾಗಿತ್ತು. ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಅಪ್ಪನಿಗೆ ಹಳ್ಳಿಗಾಡು ನೋಡಬೇಕಿತ್ತು. ಮೇ ತಿಂಗಳ ಕೊನೆಯ ಒಂದು ಶುಕ್ರವಾರ ಬೆಳಿಗ್ಗೆ ಹೊರಟೆವು.

60 ದಾಟಿದವರನ್ನು ಕರೆದುಕೊಂಡು ಹೋಗುವವರು ಮೊದಲು ಅವರಿಗೊಂದು ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ. ಇಲ್ಲಿಯ ಪ್ರಜೆ ಆಗಿರಬೇಕು ಅಂತೇನಿಲ್ಲ, ಪಾಸ್‌ಪೋರ್ಟ್ ಸಾಕು. ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ನಾಲ್ಕೈದು ಸಲ ಓಡಾಡಿದರೆ ಕಾರ್ಡಿನ ದುಡ್ಡು ವಾಪಸ್ ಬಂದ ಹಾಗೆ. ಮ್ಯಾಂಚೆಸ್ಟರ್‌ನಿಂದ ಕ್ರೂ, ಶ್ರೂಸ್‌ಬರಿ ಮೇಲೆ ಹೋಗುವ ರೈಲಿನಲ್ಲಿ ಸುಮಾರು ಎರಡು ಗಂಟೆ. ಶ್ರೂಸ್‌ಬರಿ ದಾಟಿ ಚರ್ಚ್ ಸ್ಟ್ರೆಟನ್ ಹತ್ತಿರ ಬಂದಾಗ ಎರಡೂ ಕಡೆ ಬೆಟ್ಟ ಏಳುತ್ತದೆ. ಬಲಗಡೆ ಕಿಟಕಿ ಹಿಡಿದರೆ ಲಾಂಗ್ ಮಿಂಡ್ ಬೆಟ್ಟದ ಸಾಲು ಚೆನ್ನಾಗಿ ಕಾಣುತ್ತದೆ.

ಲಡ್ಲೋ ಸ್ಟೇಷನ್ ಚಿಕ್ಕದು. ಅಲ್ಲಿಂದ ಊರೊಳಗೆ ಸ್ವಲ್ಪ ಏರು ದಾರಿ, ನಡೆದರೆ ಐದಾರು ನಿಮಿಷ. ಊರಿನ ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಎಲ್ಲವೂ ಕಾಲ್ನಡಿಗೆಯಲ್ಲೇ ಆಗುತ್ತದೆ.

ಸಂತೆ ನೇರವಾಗಿ ಕೋಟೆ ಬಾಗಿಲ ಮುಂದೆಯೇ ನಡೆಯುತ್ತದೆ. ಅಂದಿನ ಇಂಗ್ಲೆಂಡಿನಲ್ಲಿ ಸಂತೆ ಅಂದರೆ ಯಾರು ಬೇಕಾದರೂ ಬುಟ್ಟಿ ಇಟ್ಟುಕೊಂಡು ಕೂರುವುದಲ್ಲ. ರಾಜನ ಅಪ್ಪಣೆ ಬೇಕು, ಅಪ್ಪಣೆ ಪಡೆದವನು ಸುಂಕ ಎತ್ತುತ್ತಾನೆ. ಕೋಟೆಯ ಒಡೆಯನಿಗೆ ಸಂತೆ ಕಣ್ಣಳತೆಯಲ್ಲೇ ಇದ್ದರೆ ಒಳ್ಳೆಯದು, ಅಲ್ವಾ? ಈಗ ಅಲ್ಲಿ ಚೀಸ್, ಬ್ರೆಡ್ಡು, ಹೂಗಿಡ, ಹಳೇ ಉಳಿ ಸುತ್ತಿಗೆ, ಹಳೇ ಪುಸ್ತಕ ಮಾರುತ್ತಾರೆ. ಕಡುಬಿನ ಥರದ ಪೈಗಳೂ ಉಂಟು. ಲಡ್ಲೋ ಇರುವ ಶ್ರಾಪ್‌ಶೈರ್ ಸೀಮೆಯ ಫಿಜೆಟ್ ಪೈ ನೋಡಲು ಸಾಧು, ಒಳಗೆ ಸೇಬು ಈರುಳ್ಳಿ ಜೊತೆ ಹಂದಿ ಮಾಂಸ ಇರುತ್ತದೆ. ತಿನ್ನದವರು ಕೇಳಿ ತೆಗೆದುಕೊಳ್ಳಿ.

ಅಮ್ಮ ಸಸಿ ಮಾರುವವನ ಮುಂದೆ ನಿಂತಳು. ಟೊಮ್ಯಾಟೊ ಸಸಿಯ ಬುಡ ಮುಟ್ಟಿ ನೋಡಿದಳು, ಎಲೆ ತಿರುಗಿಸಿ ನೋಡಿದಳು. ಆರು ಸಸಿ ತೆಗೆದುಕೊಂಡು, ದುಡ್ಡು ಕೊಟ್ಟು, ಅಲ್ಲೇ ನಿಂತಳು. ನನಗೆ ಅರ್ಥವಾಯಿತು. "ಅಮ್ಮಾ, ಇಲ್ಲಿ ಕೊಸರು ಕೊಡಲ್ಲ, ಬಾ." "ಸಂತೇಲಿ ಕೊಸರು ಕೊಡದೆ ಇರ್ತಾರೇನೇ" ಅಂದು ಒಂದು ಬೆರಳು ಎತ್ತಿ "ಒನ್" ಅಂದಳು. ಆತ ನನ್ನ ಮುಖ ನೋಡಿದ, ಅಮ್ಮನ ಮುಖ ನೋಡಿದ, ಒಂದು ಸೊರಗಿದ ಸಸಿ ಎತ್ತಿ ಚೀಲಕ್ಕೆ ಹಾಕಿದ. ಅಮ್ಮ ಅದನ್ನು ವಾಪಸ್ ಕೊಟ್ಟು ಪಕ್ಕದ್ದನ್ನು ತೋರಿಸಿದಳು. ನಾನು ಅಷ್ಟೊತ್ತಿಗೆ ಚೀಸ್ ಅಂಗಡಿ ಕಡೆ ತಿರುಗಿ ನಿಂತಿದ್ದೆ.

ಚೌಕದಿಂದ ಬಟರ್‌ಕ್ರಾಸ್ ಕಡೆಗೆ ನಡೆಯುವಾಗ ಇದ್ದಕ್ಕಿದ್ದಂತೆ ದಾರಿ ಇಕ್ಕಟ್ಟಾಗುತ್ತದೆ. ಎರಡು ಜನ ಎದುರು ಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು. ಮೊದಲು ಇದೆಲ್ಲ ಒಂದೇ ಅಗಲವಾದ ಸಂತೆ ಬೀದಿಯಾಗಿತ್ತಂತೆ. ವಾರಕ್ಕೊಮ್ಮೆ ಗೂಟ ನೆಟ್ಟು ಬಟ್ಟೆ ಕಟ್ಟುತ್ತಿದ್ದವರು ನಿಧಾನಕ್ಕೆ ಗೂಟ ಕೀಳುವುದನ್ನು ಬಿಟ್ಟರು, ಆಮೇಲೆ ಗೋಡೆ ಎಬ್ಬಿಸಿದರು, ಆಮೇಲೆ ಮಾಳಿಗೆ. ಹೀಗೆ ಬೀದಿಯ ನಡುವೆ ಮನೆ ಸಾಲುಗಳೇ ಬಂದುಬಿಟ್ಟವು. "ಒತ್ತುವರಿ" ಅಂದರು ಅಪ್ಪ, ಒಂದೇ ಮಾತಿನಲ್ಲಿ. ಬಟರ್‌ಕ್ರಾಸ್ 1740ರ ದಶಕದ್ದು. ಕೆಳಗೆ ಕಂಬಗಳ ಜಗುಲಿ, ಅಲ್ಲಿ ಬೆಣ್ಣೆ ಮಾರುತ್ತಿದ್ದರು. ಅಲ್ಲಿಂದ ಕೆಳಕ್ಕೆ ಇಳಿಯುವ ಬ್ರಾಡ್ ಸ್ಟ್ರೀಟ್ ಫೋಟೋ ತೆಗೆಯುವವರ ಬೀದಿ, ನಾವೂ ತೆಗೆದೆವು.

ನಿಧಾನವಾಗಿ ನೋಡಬೇಕಾದ್ದು ಸೇಂಟ್ ಲಾರೆನ್ಸ್ ಚರ್ಚು. ಗೋಪುರ 135 ಅಡಿ, ಮೇಲಕ್ಕೆ 200 ಮೆಟ್ಟಿಲು. ಸುರುಳಿ ಮೆಟ್ಟಿಲು, ಕಿರಿದು, ಮಂಡಿ ನೋವಿನವರು ಹತ್ತಬೇಡಿ. ನಾನೊಬ್ಬಳೇ ಹತ್ತಿದೆ. ಮೇಲಿಂದ ಒಂದು ಕಡೆ ಕ್ಲೀ ಬೆಟ್ಟ, ಇನ್ನೊಂದು ಕಡೆ ವೇಲ್ಸಿನ ಗುಡ್ಡಗಳು.

ಇಳಿದು ಬಂದರೆ ಅಪ್ಪ ಅಮ್ಮ ಇಬ್ಬರೂ ಗರ್ಭಗುಡಿಯ ಹತ್ತಿರದ ಮರದ ಪೀಠಗಳ ಮುಂದೆ ಬಗ್ಗಿ ನಿಂತಿದ್ದರು. 15ನೇ ಶತಮಾನದ ಓಕ್ ಮರದ ಕೆಲಸ. ಗಂಟೆಗಟ್ಟಲೆ ನಿಂತು ಪ್ರಾರ್ಥನೆ ಮಾಡುವವರಿಗೆ ಕಾಲು ನೋಯುತ್ತದಲ್ಲ, ಅದಕ್ಕೆ ಮಡಚಿದ ಪೀಠದ ಅಡಿಯಲ್ಲಿ ಒಂದು ಸಣ್ಣ ಅಂಚು ಬಿಟ್ಟಿರುತ್ತಾರೆ. ನಿಂತಂತೆ ಕಾಣುತ್ತಲೇ ಅದರ ಮೇಲೆ ಸುಮ್ನೆ ಒರಗಬಹುದು. ಆ ಅಂಚಿನ ಕೆಳಗೆ ಕೆತ್ತನೆ. ಇಲ್ಲಿ ಇಂಥವು 28 ಇವೆ.

ಅದರಲ್ಲೊಂದರ ಮುಂದೆ ಅಮ್ಮ ಕದಲಲಿಲ್ಲ. ಒಂದು ದೆವ್ವ ಒಬ್ಬ ಹೆಂಗಸನ್ನು ಹೆಗಲ ಮೇಲೆ ತಲೆಕೆಳಗಾಗಿ ಹೊತ್ತುಕೊಂಡಿದೆ. ಅವಳ ಕೈಯಲ್ಲಿ ಅಳತೆಯ ಪಾತ್ರೆ. ಒಂದು ದೆವ್ವ ಚೀಲದ ಪುಂಗಿ ಊದುತ್ತಿದೆ, ಇನ್ನೊಂದು ಉದ್ದನೆಯ ಸುರುಳಿ ಬಿಚ್ಚಿ ಅವಳ ಪಾಪದ ಪಟ್ಟಿ ಓದುತ್ತಿದೆ. ಪಕ್ಕದಲ್ಲಿ ನರಕದ ಬಾಯಿ. ಅವಳು ಊರಿಗೆ ಏಲ್ ಅನ್ನೋ ಬಿಯರ್ ಮಾರುತ್ತಿದ್ದವಳು, ಅಳತೆಯಲ್ಲಿ ಮೋಸ ಮಾಡಿದಳು, ಅದಕ್ಕೆ ಈ ಗತಿ ಅಂತ ವಿವರಿಸಿದೆ.

ಅಮ್ಮ ಆ ಪಾತ್ರೆಯನ್ನೇ ನೋಡಿದಳು. "ನಮ್ಮ ಸಂತೇಲಿ ಒಬ್ಬಳು ಹುರುಳಿ ಮಾರ್ತಿದ್ಳು. ಅವಳ ಪಾವಿನ ತಳ ಒಳಗಡೆಗೆ ಜಜ್ಜಿ ಇಟ್ಕೊಂಡಿದ್ಳು. ನಮ್ಮವ್ವ ಪಾವಿನೊಳಗೆ ಕೈ ಹಾಕಿ ನೋಡದೆ ಅಳೆಸ್ತಾನೇ ಇರ್ಲಿಲ್ಲ." ಮತ್ತೆ ಒಂದು ಕ್ಷಣ ಬಿಟ್ಟು, "ಪಾಪ, ಹೊಟ್ಟೆಪಾಡು. ದೊಡ್ಡೋರು ಮಾಡಿದ್ದನ್ನ ಯಾರೂ ಕೆತ್ತಲ್ಲ."

ಹಳ್ಳಿಗಾಡಿನ ವಿಷಯಕ್ಕೆ ಬರುತ್ತೇನೆ. ದೂರ ಹೋಗಬೇಕಾಗಿಲ್ಲ. ಕೋಟೆ ಹಿಂದೆ ಇಳಿದು ಡಿನಮ್ ಸೇತುವೆ ದಾಟಿದರೆ ಟೀಮ್ ಹೊಳೆಯ ಆಚೆ ದಡ, ಅಲ್ಲಿಂದ ವಿಟ್‌ಕ್ಲಿಫ್ ಗುಡ್ಡ. ಹೊಳೆ ಪಕ್ಕದ ಕಾಲುದಾರಿಗೆ ಬ್ರೆಡ್‌ವಾಕ್ ಅಂತ ಹೆಸರು. ದಾರಿ ಮಾಡಿದ ಕೂಲಿಯವರಿಗೆ ದುಡ್ಡು ಕೊಟ್ಟರೆ ಕುಡಿದುಬಿಡುತ್ತಾರೆ ಅಂತ ಬ್ರೆಡ್ಡನ್ನೇ ಕೂಲಿಯಾಗಿ ಕೊಟ್ಟರು ಅಂತ ಊರವರು ಕತೆ ಹೇಳುತ್ತಾರೆ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು ಇರುತ್ತದೆ, ಊಟ ಮುಗಿಸಿಕೊಂಡೇ ಒಂದು ಸುತ್ತು ಹಾಕಬಹುದು. ಹೊಳೆಯಾಚೆಯಿಂದ ನೋಡಿದರೆ ಕೋಟೆ, ಗೋಪುರ, ಹೆಂಚಿನ ಮನೆಗಳು ಎಲ್ಲ ಒಟ್ಟಿಗೆ ಕಾಣುತ್ತವೆ.

ಇಲ್ಲೇ ಅಮ್ಮ ದಾರಿ ಪಕ್ಕದ ಹಸಿರು ಸೊಪ್ಪಿಗೆ ಕೈ ಹಾಕಿದ್ದು. ತುರಿಕೆ ಸೊಪ್ಪು! ಬೆರಳೆಲ್ಲ ಉರಿ. ನಾಯಿ ಜೊತೆ ಬಂದ ಅಜ್ಜಿಯೊಬ್ಬರು ಪಕ್ಕದಲ್ಲೇ ಬೆಳೆದಿದ್ದ ಅಗಲ ಎಲೆಯ ಡಾಕ್ ಗಿಡ ಕಿತ್ತು ಉಜ್ಜಲು ಕೊಟ್ಟರು. ನಂಬಿಕೆಯೋ ಏನೋ, ಸ್ವಲ್ಪ ಹೊತ್ತಿಗೆ ಇಳಿಯಿತು. ಸೀರೆ ಉಡುವವರಿಗೆ ಒಂದು ಮಾತು: ಚಪ್ಪಲಿ, ಕಾಲುಚೀಲ ಜೋಡಿ ಇಲ್ಲಿ ನಡೆಯಲ್ಲ. ಕೆಸರು ಜಾಸ್ತಿ. ಹಿಡಿತ ಇರುವ ಶೂ ಬೇಕು.

ಗುಡ್ಡ ಸುತ್ತಿ ಲಡ್‌ಫರ್ಡ್ ಸೇತುವೆ ಹತ್ತಿರ ಇಳಿದರೆ ರಸ್ತೆ ಮೂಲೆಯಲ್ಲಿ ಒಂದು ಬಂಡೆ ಸಾಲು. ಯಾರೂ ತಿರುಗಿ ನೋಡುವಂಥದ್ದಲ್ಲ. ಅಪ್ಪ ಮಾತ್ರ ಇಪ್ಪತ್ತು ನಿಮಿಷ ನಿಂತರು. 1830ರ ದಶಕದಲ್ಲಿ ರೋಡರಿಕ್ ಮರ್ಚಿಸನ್ ಎಂಬ ಭೂವಿಜ್ಞಾನಿ ಈ ಕಡೆಯ ಬಂಡೆಗಳನ್ನು ಓದಿ ಸೈಲೂರಿಯನ್ ಯುಗವನ್ನು ಗುರುತಿಸಿದ. ಸುಮಾರು 42 ಕೋಟಿ ವರ್ಷದ ಹಿಂದಿನ ಮೀನಿನ ಚೂರುಪಾರು ಮೂಳೆ, ಹುರುಪೆ ಇಲ್ಲಿಯ ಒಂದು ತೆಳು ಪದರದಲ್ಲಿ ಸಿಕ್ಕಿವೆ. ಇವತ್ತಿಗೂ ಆ ಯುಗದ ಒಂದು ಭಾಗಕ್ಕೆ ಲಡ್ಲೋ ಅಂತಲೇ ಹೆಸರು. "ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದೆ, ಇದು ಒಂದು ಊರಿನ ಹೆಸರು ಅಂತ ಗೊತ್ತೇ ಇರಲಿಲ್ಲ" ಅಂದರು. ಅದು ಕಾಪಿಟ್ಟ ಜಾಗ, ಕಲ್ಲು ಕೀಳುವಂತಿಲ್ಲ, ಸುತ್ತಿಗೆ ಹಾಕುವಂತಿಲ್ಲ.

ಶನಿವಾರ ಮಧ್ಯಾಹ್ನ ರೈಲಿನಲ್ಲಿ ಒಂದೇ ಸ್ಟೇಷನ್ ಹಿಂದಕ್ಕೆ, ಕ್ರೇವನ್ ಆರ್ಮ್ಸ್‌ಗೆ ಬಂದೆವು. ಅಲ್ಲಿಂದ ಒಂದು ಮೈಲಿ ನಡೆದರೆ ಸ್ಟೋಕ್‌ಸೇ. ಹೆಸರಿಗೆ ಕೋಟೆ, ನಿಜಕ್ಕೂ ಶ್ರೀಮಂತ ಸಾಹುಕಾರನ ಮನೆ. ಲಡ್ಲೋದ ಉಣ್ಣೆ ವ್ಯಾಪಾರಿ ಲಾರೆನ್ಸ್ 1281ರಲ್ಲಿ ಈ ಜಾಗ ಕೊಂಡು ಕಟ್ಟಿಸಿದ. ದೊಡ್ಡ ಹಜಾರದ ಮರದ ಮಾಡು ಅಂದಿನದೇ, ನೆಲದ ನಡುವೆ ಎಂಟು ಮೂಲೆಯ ಒಲೆಗುಂಡಿ. ಹೊಗೆ ಹೋಗಲು ಚಿಮಣಿ ಇಲ್ಲ, ಮಾಡೇ ಗತಿ. ಅಮ್ಮನಿಗೆ ಇದು ಅವಳ ಅಜ್ಜಿ ಮನೆ ಅಡುಗೆಕೋಣೆ.

ಲಾರೆನ್ಸ್ ಎಷ್ಟು ದೊಡ್ಡ ಕುಳ ಅಂದರೆ ಯುದ್ಧಕ್ಕೆ ದುಡ್ಡು ಬೇಕಿದ್ದ ರಾಜನಿಗೆ ಉಣ್ಣೆ ಮೇಲೆ ಭಾರಿ ಸುಂಕ ಹಾಕಲು ಒಪ್ಪಿಗೆ ಕೊಡಿಸಿದವರಲ್ಲಿ ಅವನೂ ಒಬ್ಬ. ವ್ಯಾಪಾರಿಗಳು ಆ ಸುಂಕವನ್ನು ಕುರಿ ಸಾಕುವವರ ತಲೆಗೆ ಕಟ್ಟಿದರು, ಉಣ್ಣೆಗೆ ಕೊಡುವ ಬೆಲೆ ಇಳಿಸಿದರು. 1294ರಲ್ಲಿ ಅವನು ಉಣ್ಣೆ ತುಂಬಿದ ಹಡಗಿನ ಜೊತೆಗೇ ಮುಳುಗಿ ಸತ್ತ. ಕುರಿ ಸಾಕುವವರಿಗೆ ಅನ್ಯಾಯ ಮಾಡಿದವನು ಉಣ್ಣೆಯ ಜೊತೆಗೇ ಹೋದ ಅಂತ ಅಂದಿನ ಸನ್ಯಾಸಿಗಳು ಬರೆದಿಟ್ಟರು. ಅಮ್ಮನಿಗೆ ಇದನ್ನು ಹೇಳಿದಾಗ "ನೋಡು, ಇವನನ್ನ ಬಿಡ್ಲಿಲ್ಲ" ಅಂದಳು.

ವಾಪಸ್ ಬರುವಾಗ ಎಡವಟ್ಟಾಯಿತು. ಅಪ್ಪ ಪಕ್ಕದ ಚರ್ಚಿನ ಸ್ಮಶಾನದ ಕಲ್ಲುಗಳನ್ನು ಓದುತ್ತಾ ನಿಂತರು, ನಾನು ಟೈಮ್ ನೋಡಲಿಲ್ಲ, ರೈಲು ಕಣ್ಣೆದುರೇ ಹೋಯಿತು. ಮುಂದಿನದಕ್ಕೆ ಒಂದು ಗಂಟೆಗೂ ಜಾಸ್ತಿ. ನಗರದ ಹಾಗೆ ಆ್ಯಪ್ ಒತ್ತಿದರೆ ಟ್ಯಾಕ್ಸಿ ಬರುವ ಜಾಗ ಅಲ್ಲ ಇದು. ಮೊದಲೇ ಫೋನ್ ಮಾಡಿ ಹೇಳಿಟ್ಟಿರಬೇಕು. ಪ್ಲಾಟ್‌ಫಾರ್ಮ್ ಬೆಂಚಿನಲ್ಲಿ ಕೂತು ಬ್ಯಾಗಿನಲ್ಲಿದ್ದ ಕೋಡುಬಳೆ ಖಾಲಿ ಮಾಡಿದೆವು. ಗದ್ದೆ ಬಯಲಿನ ಕಾಲುದಾರಿಗಳಿಗೂ ಇದೇ ಮಾತು: ಫೋನ್ ಸಿಗ್ನಲ್ ಕೈಕೊಡುತ್ತದೆ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಹಳದಿ ಬಾಣ ಇರುವ ಕಡೆ ಯಾರ ಹೊಲವಾದರೂ ನಡೆದು ಹೋಗುವ ಹಕ್ಕು ನಿಮಗಿದೆ, ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋದರೆ ಸಾಕು. ನೀಲಿ ಬಾಣದ ದಾರಿಯಲ್ಲಿ ಕುದುರೆ, ಸೈಕಲ್ಲೂ ಬರುತ್ತವೆ. ಕರು ಇರುವ ಹಸುಗಳಿಂದ ದೂರ ಇರಿ.

ಕೋಟೆಯನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದೆವು. ಏಳನೇ ಹೆನ್ರಿಯ ಹಿರಿಮಗ ಆರ್ಥರ್ 1502ರಲ್ಲಿ ಇಲ್ಲೇ ತೀರಿಕೊಂಡ, ಹದಿನೈದು ವರ್ಷದ ಹುಡುಗ. ಅವನ ಹೆಂಡತಿ ಕ್ಯಾಥರೀನ್ ಆಮೇಲೆ ಅವನ ತಮ್ಮ ಎಂಟನೇ ಹೆನ್ರಿಯನ್ನು ಮದುವೆಯಾದಳು. ಆ ಮದುವೆ ಮುರಿಯಲು ಹೆನ್ರಿ ಪೋಪ್ ಜೊತೆಗೇ ಕಿತ್ತಾಡಿದ ರಾದ್ಧಾಂತ ಎಲ್ಲರಿಗೂ ಗೊತ್ತಿರುವುದೇ. ಗುಂಡಗಿನ ಪುಟ್ಟ ಪ್ರಾರ್ಥನಾ ಮಂದಿರ ಒಂದಿದೆ, ಅದನ್ನು ತಪ್ಪಿಸಬೇಡಿ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಪಾಳುಬಿದ್ದ ಈ ಕೋಟೆಯನ್ನು 1811ರಲ್ಲಿ ಅರಮನೆಯವರಿಂದ ಕೊಂಡವನು ಎಡ್ವರ್ಡ್ ಕ್ಲೈವ್. ಪ್ಲಾಸಿ ಕದನದ ರಾಬರ್ಟ್ ಕ್ಲೈವ್‌ನ ಮಗ. ಅದಕ್ಕೂ ಎಷ್ಟೋ ಮೊದಲು ಲಡ್ಲೋದಿಂದ ಪಾರ್ಲಿಮೆಂಟಿಗೂ ಹೋಗಿದ್ದ. ಆಮೇಲೆ 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್. ಅಂದರೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನಲ್ಲಿ ಕೂತಿದ್ದವನು ಇವನೇ. ಅವನ ಹೆಂಡತಿ ಹೆನ್ರಿಯೆಟ್ಟಾ ಮರುವರ್ಷ ಇಬ್ಬರು ಹೆಣ್ಣುಮಕ್ಕಳ ಜೊತೆ ಮದ್ರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ಸುತ್ತಿದ್ದಳು. ಅಪ್ಪ ಹುಡುಗನಾಗಿದ್ದಾಗ ಪಾಂಡವಪುರದಿಂದ ಸೈಕಲ್ ತುಳಿದುಕೊಂಡು ಈಜಲು ಹೋಗುತ್ತಿದ್ದ ಊರು ಶ್ರೀರಂಗಪಟ್ಟಣ. ಅವರು ಕೋಟೆ ಗೋಡೆ ಮೇಲೆ ಕೈಯಿಟ್ಟು, "ಅಲ್ಲಿ ಒಡೆದವರು ಇಲ್ಲಿ ಒಡೆದಿದ್ದನ್ನ ಕೊಂಡ್ರು" ಅಂದರು.

ಮುಂದಿನ ವಾರ ಅಪ್ಪ ಬಿಡಲಿಲ್ಲ. ಶ್ರೂಸ್‌ಬರಿಯಲ್ಲಿ ರೈಲು ಬದಲಿಸಿ ವೇಲ್ಸಿನ ವೆಲ್ಶ್‌ಪೂಲ್‌ಗೆ ಹೋದೆವು. ಸ್ಟೇಷನ್ನಿನಿಂದ ತುಸು ನಡೆದರೆ ಕ್ಲೈವ್ ಮನೆತನದ ಪೊವಿಸ್ ಕೋಟೆ. ಟಿಪ್ಪುವಿನ ಹೂಬಳ್ಳಿಯ ಬಣ್ಣದ ಡೇರೆ ಸೇರಿದ್ದು ಈ ಮನೆಗೇ. ತೋಟದ ಔತಣಕ್ಕೆ ಅದನ್ನು ಕಟ್ಟುತ್ತಿದ್ದರಂತೆ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಟಿಪ್ಪುವಿನ ಸಿಂಹಾಸನದಿಂದ ಬಂದ ಹುಲಿತಲೆ. ಚಿನ್ನದ್ದು, ಕೆಂಪು ಹಸಿರು ಕಲ್ಲು ಕೂರಿಸಿದ್ದು, ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ಸಿಂಹಾಸನವನ್ನು ಚೂರು ಮಾಡಿ ಹಂಚಿಕೊಂಡಾಗ ಈ ಚೂರು ಈ ಕಡೆ ಬಂತು.

ಅಪ್ಪ ಕನ್ನಡಕ ಒರೆಸಿಕೊಂಡು ಪಕ್ಕದ ವಿವರದ ಚೀಟಿಯನ್ನು ಎರಡು ಸಲ ಓದಿದರು. ಅಮ್ಮ ಗಾಜಿಗೆ ಮುಖ ತಾಗುವಷ್ಟು ಬಗ್ಗಿದಳು.

"ಎಷ್ಟು ತೂಕ ಬರುತ್ತೆ ಅಂತ ಹಾಕಿದಾರಾ?"

"ಇಲ್ಲ ಅಮ್ಮಾ."

"ಹಾಕಿರಲ್ಲ ಬಿಡು" ಅಂದಳು.