ನಾಯಿಯ ಅನ್ನಕ್ಕೆ ನೀರುಳ್ಳಿ ಸಾರು: ಎಷ್ಟಾದರೆ ತೊಂದರೆ?

ನಮ್ಮ ಕುಮಟಾ ಕಡೆ ನಾಯಿಗೆ ಅಂತ ಬೇರೆ ಅಡುಗೆ ಮಾಡುವವರು ಕಡಿಮೆ. ನಾವು ಉಂಡು ಉಳಿದ ಅನ್ನ, ಅದರ ಮೇಲೆ ಎರಡು ಸೌಟು ಬಂಗಡೆ ಸಾರು ಇಲ್ಲವೇ ಹುಳಿ. ನಾನೂ ವರ್ಷಗಟ್ಟಲೆ ಹಾಗೇ ಹಾಕಿದವನು. ಆ ಸಾರಿನಲ್ಲಿ ನೀರುಳ್ಳಿ ಇರುತ್ತದಲ್ವಾ, ಅದರ ಬಗ್ಗೆ ಈ ಬರಹ.

ಒಮ್ಮೆ ಒಂದೆರಡು ಚೂರು ತಿಂದಿತು ಅಂತ ದೊಡ್ಡ ನಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಗಾಬರಿ ಬೇಡ. ಆದರೆ ದಿನಾ ಸ್ವಲ್ಪ ಸ್ವಲ್ಪ ಹಾಕುವುದು ಬೇಡ. ಪುಡಿಯಂತೂ ಬೇಡವೇ ಬೇಡ.

ನೀರುಳ್ಳಿಯಲ್ಲಿರುವ ಗಂಧಕದ ಅಂಶಗಳು ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ. ಕಣಗಳು ಒಡೆಯುತ್ತವೆ, ರಕ್ತ ಕಡಿಮೆಯಾಗುತ್ತದೆ. ಬೇಯಿಸಿದರೂ, ಹುರಿದರೂ, ಒಣಗಿಸಿದರೂ ಆ ಗುಣ ಹೋಗುವುದಿಲ್ಲ. ನಮ್ಮ ಕುಮಟಾದ ನೀರುಳ್ಳಿ ಸಿಹಿ, ಖಾರ ಇಲ್ಲ, ಹಾಗಾಗಿ ಪರವಾಗಿಲ್ಲ ಅಂತಲೂ ಅಂದುಕೊಳ್ಳಬೇಡಿ.

ಲೆಕ್ಕ ಹೀಗೆ. ನಾಯಿಯ ತೂಕದ ಶೇಕಡಾ 0.5ಕ್ಕಿಂತ ಜಾಸ್ತಿ ನೀರುಳ್ಳಿ ಒಂದೇ ಸಲ ಹೊಟ್ಟೆಗೆ ಹೋದರೆ ಅಪಾಯ. 10 ಕೆಜಿ ನಾಯಿಗೆ ಅದು 50 ಗ್ರಾಂ, ಅಂದರೆ ಮಧ್ಯಮ ಗಾತ್ರದ ಒಂದು ಗಡ್ಡೆಯ ಅರ್ಧ. 3 ಕೆಜಿಯ ಪೊಮೇರಿಯನ್ ಆದರೆ ಬರೀ 15 ಗ್ರಾಂ, ಅಷ್ಟು ಒಂದೆರಡು ನೀರುಳ್ಳಿ ಬಜೆಯಲ್ಲೇ (ಬಜ್ಜಿ) ಇರಬಹುದು. ತೂಕ ಗೊತ್ತಿಲ್ಲದಿದ್ದರೆ ನಾಯಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಹಸಿ ನೀರುಳ್ಳಿಯಲ್ಲಿ ಹೆಚ್ಚುಕಡಿಮೆ ಶೇಕಡಾ 90 ನೀರೇ. ಒಣಗಿಸಿ ಪುಡಿ ಮಾಡಿದರೆ ಎಲ್ಲವೂ ಒತ್ತಾಗಿ ಉಳಿಯುತ್ತದೆ, ಆ 50 ಗ್ರಾಂ ಅಂದರೆ ಎರಡು ಟೀ ಚಮಚ ಪುಡಿ ಅಷ್ಟೇ. ನೂಡಲ್ಸ್ ಮಸಾಲೆ, ಸೂಪ್ ಪ್ಯಾಕೆಟ್, ಚಿಪ್ಸ್ ಹಿಂದೆ ಆನಿಯನ್ ಪೌಡರ್ ಅಂತ ಬರೆದಿದೆಯಾ ನೋಡಿ. ಬೆಳ್ಳುಳ್ಳಿ ಇದೇ ಜಾತಿ, ನೀರುಳ್ಳಿಗಿಂತ ಜೋರು. ಬೆಕ್ಕಿಗೆ ಇವೆರಡೂ ನಾಯಿಗಿಂತ ಕೆಟ್ಟದ್ದು.

ಹಾಗಾದರೆ ಏನು ಹಾಕುವುದು? ಮಸಾಲೆ ಬೀಳುವ ಮೊದಲೇ ನಾಯಿಯ ಪಾಲು ತೆಗೆದಿಡಿ, ಇದೊಂದು ರೂಢಿ ಮಾಡಿಕೊಂಡರೆ ಸಾಕು. ಬೇಯಿಸಿದ ಮೀನನ್ನು ಮುಳ್ಳು ಬಿಡಿಸಿ ಅನ್ನಕ್ಕೆ ಕಲಸಿ, ಇಲ್ಲವೇ ಬೆಂದ ಬೇಳೆ, ಮೊಟ್ಟೆ. ಸಾರಿನಿಂದ ಚೂರು ಆರಿಸಿ ತೆಗೆದು ಹಾಕಿದರೆ ಪ್ರಯೋಜನ ಇಲ್ಲ, ರಸ ಆಗಲೇ ಇಳಿದಿರುತ್ತದೆ. ಹಬ್ಬದ ದಿನದ ಅಡುಗೆಗೆ ನೀರುಳ್ಳಿ ಇರುವುದಿಲ್ಲ ಅಂತ ಧೈರ್ಯವಾಗಿ ಹಾಕುವವರು ಪಾಯಸದ ಒಣದ್ರಾಕ್ಷಿ ಮರೆಯಬೇಡಿ, ಅದೂ ನಾಯಿಗೆ ವಿಷ.

ಹೋದ ಮಳೆಗಾಲದಲ್ಲಿ ನಮ್ಮ ಕರಿಯ ಒಂದು ತಟ್ಟೆ ನೀರುಳ್ಳಿ ಬಜೆ ಖಾಲಿ ಮಾಡಿದ. ಆ ರಾತ್ರಿ ಒಮ್ಮೆ ವಾಂತಿ, ಮರುದಿನ ಚೆನ್ನಾಗೇ ಇದ್ದ, ನಾವು ಮರೆತೇಬಿಟ್ಟೆವು. ಮೂರನೇ ದಿನ ಏಳಲಿಲ್ಲ, ಒಸಡು ಬಿಳಿಚಿಕೊಂಡಿತ್ತು, ಉಚ್ಚೆ ಹಾಲು ಹಾಕದ ಚಹಾದ ಬಣ್ಣ. ಇದೇ ಮೋಸ ನೋಡಿ, ಲಕ್ಷಣ ಕಾಣಲು ಮೂರು ನಾಲ್ಕು ದಿನ ಬೇಕಾಗಬಹುದು. ಉಣುಗಿನಿಂದ ಬರುವ ಜ್ವರದಲ್ಲೂ ಹೀಗೇ ಆಗುತ್ತದೆ, ನಮ್ಮೂರಲ್ಲಿ ಅದು ಸಾಮಾನ್ಯ. ಹಾಗಾಗಿ ಏನು ತಿಂದಿತು, ಎಷ್ಟು, ಯಾವಾಗ ಅಂತ ಡಾಕ್ಟರಿಗೆ ನೀವೇ ಮೊದಲು ಹೇಳಬೇಕು. ನಾನು ಬಜೆಯ ಮಾತೆತ್ತಿದ ಮೇಲೇ ರಕ್ತವನ್ನು ಆ ದೃಷ್ಟಿಯಿಂದ ನೋಡಿದರು. ಡ್ರಿಪ್ ಹಾಕಿಸಿ, ಎರಡು ವಾರ ಅವನನ್ನು ಓಡಾಡಲು ಬಿಡದೆ ನೋಡಿಕೊಂಡೆವು, ಉಳಿದ.

ಜಾಸ್ತಿ ತಿಂದದ್ದು ಕಣ್ಣಾರೆ ಕಂಡರೆ ಲಕ್ಷಣಕ್ಕೆ ಕಾಯಬೇಡಿ. ಮೊದಲ ಎರಡು ಗಂಟೆಯೊಳಗೆ ಡಾಕ್ಟರು ವಾಂತಿ ಮಾಡಿಸಿದರೆ ಬಹಳಷ್ಟು ಹೊರಗೆ ಬರುತ್ತದೆ. ಇದಕ್ಕೆ ಅಂತ ಬೇರೆ ಮದ್ದಿಲ್ಲ. ಮನೆಯಲ್ಲಿ ಉಪ್ಪುನೀರು ಕುಡಿಸಲು ಹೋಗಬೇಡಿ, ಆ ಉಪ್ಪೇ ನಾಯಿಯ ಜೀವ ತೆಗೆಯಬಹುದು. ಹಳ್ಳಿಯಿಂದ ಪೇಟೆಗೆ ಬರಲು ಹೊತ್ತು ಬೇಕು, ಆದ್ದರಿಂದ ಹೊರಡುವ ಮೊದಲು ಫೋನ್ ಮಾಡಿ ಡಾಕ್ಟರು ಇದ್ದಾರಾ ಕೇಳಿ, ಪ್ಯಾಕೆಟ್ ಇದ್ದರೆ ಜೊತೆಗೆ ತನ್ನಿ.