ಡ್ಯುಯೊಡಿನಮ್ ಬಯಾಪ್ಸಿಯಲ್ಲಿ ಲಿಂಫೋಸೈಟ್ ಎಣಿಸುವುದು: ನನ್ನ ಅನುಭವ

ಸೀಲಿಯಾಕ್ (ಗೋಧಿಯ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ) ಅನುಮಾನ ಬಂದಾಗ ಡ್ಯುಯೊಡಿನಮ್‌ನಿಂದ, ಅಂದರೆ ಸಣ್ಣ ಕರುಳಿನ ಮೊದಲ ಭಾಗದಿಂದ, ಚೂರು ತೆಗೆದು ಅದರಲ್ಲಿನ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಸುತ್ತೇವೆ. ದಾವಣಗೆರೆಯ ಲ್ಯಾಬಿನಲ್ಲಿ ಇಂಥ ಸ್ಲೈಡ್ ಕೈಗೆ ಬಂದಾಗ ನಾನು ಮೊದಲು ನೋಡುವುದು ವಿಲ್ಲೈ (ಕರುಳಿನ ಒಳಗೋಡೆಯ ಬೆರಳಿನಂಥ ಚಾಚುಗಳು) ನೆಟ್ಟಗೆ ನಿಂತಿವೆಯೇ ಅಂತ, ಎಣಿಕೆ ಆಮೇಲೆ. ಸೆಕ್ಷನ್ (ಚೂರಿನಿಂದ ಕೊಯ್ದ ತೆಳು ಹಾಳೆ) ಓರೆಯಾದರೆ ವಿಲ್ಲೈ ಹೊದ್ದ ಒಂದೇ ಪದರದ ಎಪಿಥೀಲಿಯಂ (ಮೇಲ್ಪದರದ ಕೋಶಗಳು) ಮೂರ್ನಾಲ್ಕು ಪದರವಾಗಿ ಕಾಣುತ್ತದೆ, ವಿಲ್ಲೈ ಗಿಡ್ಡವಾದಂತೆ ತೋರುತ್ತವೆ. ಇಲ್ಲದ ಕಾಯಿಲೆ ರಿಪೋರ್ಟಿಗೆ ಹತ್ತುವುದು ಹೀಗೇ.

ಎಂಡೋಸ್ಕೋಪಿಯವರು ಡ್ಯುಯೊಡಿನಮ್ ಶುರುವಾಗುವ ಬಲ್ಬಿನಿಂದ ಒಂದೆರಡು, ಎರಡನೇ ಭಾಗದಿಂದ ನಾಲ್ಕು ಚೂರು ತೆಗೆದು ಬೇರೆ ಬೇರೆ ಬಾಟಲಿಯಲ್ಲಿ ಕಳಿಸಬೇಕು. ಶೇ 10ರ ಬಫರ್ಡ್ ಫಾರ್ಮಲಿನ್ ಚೂರಿನ ಹತ್ತು ಪಟ್ಟಾದರೂ ಇರಲಿ. ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡುವಾಗ ಚೂರನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ. ನಮ್ಮೂರ ಏಪ್ರಿಲ್ ಬಿಸಿಲಿಗೆ ಪ್ಯಾರಾಫಿನ್ ಮೆತ್ತಗಾಗುತ್ತದೆ. ಬ್ಲಾಕನ್ನು ಐಸ್ ಮೇಲೆ ತಣಿಸದೆ ತೆಳ್ಳಗೆ ಕೊಯ್ಯುವ ಮೈಕ್ರೋಟೋಮ್‌ಗೆ ಹಾಕಿದರೆ ಸೆಕ್ಷನ್ ಮುದುಡುತ್ತದೆ. 3ರಿಂದ 4 ಮೈಕ್ರಾನ್ ಸಾಕು, ದಪ್ಪವಾದರೆ ನ್ಯೂಕ್ಲಿಯಸ್‌ಗಳು ಒಂದರ ಮೇಲೊಂದು ಬಿದ್ದು ಲೆಕ್ಕ ಏರುತ್ತದೆ.

ಎಪಿಥೀಲಿಯಂ ಕೋಶಗಳ ನಡುವೆ ಸಿಗುವ ಈ ಲಿಂಫೋಸೈಟ್‌ಗಳು ರಕ್ತದಲ್ಲಿ ಸುತ್ತುವಂಥವಲ್ಲ. ಹೆಚ್ಚಿನವು ಸಿಡಿ8 ಎಂಬ ಗುರುತಿನ ಪ್ರೋಟೀನ್ ಇರುವ ಟಿ ಕೋಶಗಳು. ಮೈಮೇಲಿನ ಸಿಡಿ103 ಎಂಬ ಪ್ರೋಟೀನ್ ಮೂಲಕ ಪಕ್ಕದ ಎಪಿಥೀಲಿಯಲ್ ಕೋಶದ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನನ್ನು ಹಿಡಿದು ಅಲ್ಲೇ ಬೀಡುಬಿಡುತ್ತವೆ. ಟಿ ಕೋಶಗಳಲ್ಲಿ ಗಾಮಾ-ಡೆಲ್ಟಾ ಎಂಬ ಬಗೆಯ ರಿಸೆಪ್ಟರ್ (ಗ್ರಾಹಕ) ಇರುವವುಗಳ ಪಾಲು ರಕ್ತದಲ್ಲಿರುವುದಕ್ಕಿಂತ ಇಲ್ಲಿ ಜಾಸ್ತಿ. ಸೀಲಿಯಾಕ್‌ನಲ್ಲಿ ಇನ್ನೂ ಏರುತ್ತದೆ, ಗೋಧಿ ಬಿಟ್ಟರೂ ಬೇಗ ಇಳಿಯುವುದಿಲ್ಲ. ಸ್ಲೈಡಿನಲ್ಲಿ ಗುರುತು: ಚಿಕ್ಕ, ಕಡುಬಣ್ಣದ ನ್ಯೂಕ್ಲಿಯಸ್, ಸುತ್ತ ತೆಳ್ಳನೆ ಬಿಳಿ ಅಂಚು.

ಐದು ವಿಲ್ಲೈ ತುದಿಗಳಲ್ಲಿ ತಲಾ 20 ಎಪಿಥೀಲಿಯಲ್ ಕೋಶಗಳ ನಡುವೆ ಎಣಿಸುತ್ತೇನೆ. 100ಕ್ಕೆ 25 ದಾಟಿದರೆ ಹೆಚ್ಚು. ಆದರೆ ಸಂಖ್ಯೆಗಿಂತ ಹಂಚಿಕೆಯನ್ನೇ ನಾನು ನಂಬುವುದು: ಆರೋಗ್ಯವಂತರಲ್ಲಿ ಬುಡದಲ್ಲಿ ಹೆಚ್ಚಿದ್ದು ತುದಿಗೆ ಹೋದಂತೆ ವಿರಳವಾಗುತ್ತವೆ. ತುದಿಯಲ್ಲೂ ಅಷ್ಟೇ ದಟ್ಟವಾಗಿದ್ದರೆ, ಲೆಕ್ಕ ಗಡಿಯಲ್ಲಿದ್ದರೂ ರಿಪೋರ್ಟಿನಲ್ಲಿ ಬರೆಯುತ್ತೇನೆ. ಲಿಂಫಾಯ್ಡ್ ಫಾಲಿಕಲ್ (ಲಿಂಫೋಸೈಟ್‌ಗಳ ಗುಂಪು) ಮೇಲಿನ ಜಾಗದಲ್ಲಿ ಎಣಿಸಬೇಡಿ, ಅಲ್ಲಿ ಅವು ಸಹಜವಾಗಿಯೇ ಹೆಚ್ಚು. ಅನುಮಾನ ಬಂದರೆ ಟಿ ಕೋಶಗಳನ್ನು ಎತ್ತಿ ತೋರಿಸುವ ಸಿಡಿ3 ಸ್ಟೇನ್.

ವಿಲ್ಲೈ ಸರಿಯಿದ್ದು ಲೆಕ್ಕ ಮಾತ್ರ ಹೆಚ್ಚಿದ್ದರೆ ಅದು ಸೀಲಿಯಾಕ್ ಹಾನಿಯನ್ನು ಅಳೆಯುವ ಮಾರ್ಷ್ ಶ್ರೇಣಿಯಲ್ಲಿ ಮಾರ್ಷ್ 1. ಅಷ್ಟಕ್ಕೇ ಸೀಲಿಯಾಕ್ ಅನ್ನುವುದು ಅವಸರ. ಎಚ್. ಪೈಲೊರಿ (ಜಠರದ ಬ್ಯಾಕ್ಟೀರಿಯಾ), ನೋವಿನ ಮಾತ್ರೆ, ಜಿಯಾರ್ಡಿಯಾ (ಕರುಳಿನ ಪರಾವಲಂಬಿ) ಎಲ್ಲವೂ ಇದನ್ನೇ ಮಾಡುತ್ತವೆ. ರಕ್ತದಲ್ಲಿ ಸೀಲಿಯಾಕ್‌ನ ಗುರುತಾದ ಟಿಟಿಜಿ ಐಜಿಎ ಜೊತೆ ಒಟ್ಟು ಐಜಿಎ (ಒಂದು ಬಗೆಯ ಪ್ರತಿಕಾಯ) ಕೂಡ ನೋಡಬೇಕು. ಇನ್ನೊಂದು ತೊಡಕು ಊಟದ್ದು. ಜೋಳದ ರೊಟ್ಟಿ, ರಾಗಿ ಮುದ್ದೆ, ಅನ್ನದಲ್ಲಿ ಗ್ಲುಟೆನ್ ಇಲ್ಲ. ಅದನ್ನೇ ಉಣ್ಣುವವರಲ್ಲಿ ರಕ್ತ, ಬಯಾಪ್ಸಿ ಎರಡೂ ಸುಳ್ಳೇ ನಾರ್ಮಲ್ ಬರಬಹುದು. ಹಾಗಾಗಿ ಚಪಾತಿ, ರವೆ ಉಪ್ಪಿಟ್ಟು, ಬಿಸ್ಕತ್ತು ದಿನವೂ ತಿನ್ನುತ್ತಾರೆಯೇ ಎಂಬುದನ್ನು ಫಾರಂನಲ್ಲಿ ಬರೆದು ಕಳಿಸಲು ಹೇಳಿದ್ದೇನೆ.