ಡಬ್ಬಿಯ ಕೋಡ್ ಅಸಲಿ, ಒಳಗಿನ ಮಾತ್ರೆ?

ಭಿವಂಡಿಯ ಗೋದಾಮಿನಿಂದ ಮುಂಬೈನ ಸಹಾರ್ ಏರ್ ಕಾರ್ಗೋ ಮೂಲಕ ವಿದೇಶಕ್ಕೆ ಹೋಗುವ ಔಷಧಿಗೆ ಬ್ಲಾಕ್‌ಚೈನ್ (ಒಮ್ಮೆ ಬರೆದರೆ ತಿದ್ದಲಾಗದ, ಹಲವರು ಹಂಚಿಕೊಂಡ ಲೆಕ್ಕಪುಸ್ತಕ) ದಾಖಲೆ ಕೂಡಿಸುವಾಗ ಚೈನ್‌ಗಿಂತ ಪ್ಯಾಕಿಂಗ್ ಟೇಬಲ್ಲೇ ಹೆಚ್ಚು ತಲೆನೋವು.

ಮೊದಲು ಸ್ಕ್ಯಾನರ್. ಡಬ್ಬಿಯ ಮೇಲಿನ ಚುಕ್ಕಿಚುಕ್ಕಿಯ ಚೌಕ ಕೋಡ್, ಅಂದರೆ ಡೇಟಾಮ್ಯಾಟ್ರಿಕ್ಸ್‌ನಲ್ಲಿ 01ರ ನಂತರ 14 ಅಂಕಿಯ ಉತ್ಪನ್ನ ಸಂಖ್ಯೆ, 17ರ ನಂತರ ಎಕ್ಸ್‌ಪೈರಿ, 10ರ ನಂತರ ಬ್ಯಾಚ್, 21ರ ನಂತರ ಸೀರಿಯಲ್, ಅಂದರೆ ಆ ಒಂದು ಡಬ್ಬಿಯದೇ ಸಂಖ್ಯೆ. ಬ್ಯಾಚ್‌ನ ಉದ್ದ 20 ಅಕ್ಷರದೊಳಗೆ ಎಷ್ಟಾದರೂ ಇರಬಹುದು. ಅದು ಮುಗಿದದ್ದನ್ನು ತೋರಿಸುವುದು ಆಸ್ಕಿ 29 ಎಂಬ ಕಣ್ಣಿಗೆ ಕಾಣದ ಅಕ್ಷರ. ಕೀಬೋರ್ಡ್ ಮೋಡ್‌ನಲ್ಲಿರುವ, ಅಂದರೆ ಓದಿದ್ದನ್ನು ಕೀಲಿ ಒತ್ತಿದಂತೆ ಕಂಪ್ಯೂಟರ್‌ಗೆ ಕಳಿಸುವ ಸ್ಕ್ಯಾನರ್ ಎಷ್ಟೋ ಸಲ ಅದನ್ನು ನುಂಗಿಬಿಡುತ್ತದೆ, ಬ್ಯಾಚ್‌ಗೆ ಸೀರಿಯಲ್ ಅಂಟಿಕೊಳ್ಳುತ್ತದೆ. ಕ್ಯಾಪ್ಸ್ ಲಾಕ್ ಒತ್ತಿದ್ದರೆ ದೊಡ್ಡಕ್ಷರ ಸಣ್ಣಕ್ಷರವಾಗುತ್ತದೆ. ಕಂಪ್ಯೂಟರಿನಲ್ಲಿ ಜರ್ಮನ್ ಕೀಬೋರ್ಡ್ ಸೆಟ್ಟಿಂಗ್ ಇದ್ದರೆ ವೈ, ಝಡ್ ಅದಲುಬದಲು. ಮಾಮೂಲಿ ಡೇಟಾಬೇಸ್ ಆದರೆ ತಿದ್ದಬಹುದು, ಇಲ್ಲಿ ತಪ್ಪೂ ಶಾಶ್ವತ. ಅದಕ್ಕೇ ಸ್ಕ್ಯಾನರನ್ನು ಕೀಲಿಗಳ ಹಂಗಿಲ್ಲದೆ ಡೇಟಾ ನೇರ ಕಳಿಸುವ ಕಾಮ್ ಪೋರ್ಟ್ ಮೋಡ್‌ಗೆ ಹಾಕಿ, ಕಾರ್ಖಾನೆ ಕಳಿಸಿದ ಸೀರಿಯಲ್ ಪಟ್ಟಿಗೆ ತಾಳೆಯಾಗದ್ದನ್ನು ಚೈನ್‌ಗೆ ಬಿಡುವುದಿಲ್ಲ.

ಇನ್ನೂ ದೊಡ್ಡ ಅಪಾಯ ಯಂತ್ರದಿಂದಲ್ಲ, ಕೈಕೆಲಸದಿಂದ ಆಗುವಂಥದ್ದು. ಸೀರಿಯಲ್ ಇರುವುದು ಡಬ್ಬಿಯ ಮೇಲೆ, ಸ್ಟ್ರಿಪ್ ಮೇಲಲ್ಲ. ಆನ್‌ಲೈನ್ ಆರ್ಡರ್‌ನಲ್ಲಿ ಅಂಚೆ ತೂಕ ಉಳಿಸಲು ಡಬ್ಬಿ ತೆಗೆದು ಬರೀ ಸ್ಟ್ರಿಪ್ ಕಳಿಸುವ ಚಾಳಿ ಇದೆ. ಆಗ ಕೊಂಡವನ ಕೈಗೆ ಸಿಕ್ಕ ಮಾತ್ರೆಗೆ ದಾಖಲೆಯೇ ಇಲ್ಲ. ಇತ್ತ ಅಸಲಿ ಕೋಡ್ ಇರುವ ಖಾಲಿ ಡಬ್ಬಿ ರದ್ದಿಗೆ ಹೋಗಿ, ನಕಲಿ ತುಂಬಿಕೊಂಡು ಮರಳಬಹುದು. ಚೈನ್ ಅದಕ್ಕೂ ‘ಅಸಲಿ’ ಎಂದೇ ಹೇಳುತ್ತದೆ. ಟೇಬಲ್ಲಿನ ಕಲಬುರಗಿ ಹುಡುಗರಿಗೆ ನಮ್ಮ ಕಟ್ಟಪ್ಪಣೆ: “ಸ್ಟ್ರಿಪ್ ಕತ್ತರಿಸಬ್ಯಾಡ್ರಿ, ಡಬ್ಬಿ ಒಗೀಬ್ಯಾಡ್ರಿ.” ಹರಿದ ಡಬ್ಬಿಯ ಕೋಡನ್ನು ಅಡ್ಡಕ್ಕೆ ಕತ್ತರಿಸಿ, ಸೀರಿಯಲ್ ರದ್ದು ಮಾಡಿದ ಮೇಲೇ ರದ್ದಿಗೆ.

ಕೋಡ್ ನಕಲು ಮಾಡಲು ಒಂದು ಫೋಟೋ ಸಾಕು. ಯುರೋಪಿಯನ್ ಒಕ್ಕೂಟದ ಹೆಚ್ಚಿನ ದೇಶಗಳಲ್ಲಿ 2019ರ ಫೆಬ್ರವರಿ 9ರಿಂದ ಪ್ರಿಸ್ಕ್ರಿಪ್ಷನ್ ಔಷಧಿಯ ಕೋಡನ್ನು ಮಾರುವ ಹೊತ್ತಿಗೆ ಫಾರ್ಮಸಿಯೇ ಸ್ಕ್ಯಾನ್ ಮಾಡಿ, ಮತ್ತೆ ನಡೆಯದಂತೆ ಮುಚ್ಚುತ್ತದೆ (ಅದು ನಡೆಯುತ್ತಿರುವುದು ಬ್ಲಾಕ್‌ಚೈನ್ ಇಲ್ಲದೆಯೇ, ಅನ್ನಿ). ಮನೆ ಬಾಗಿಲಿಗೆ ಹೋದ ಪಾರ್ಸಲ್ಲಿಗೆ ಮುಚ್ಚುವವರಾರು? ಆದ್ದರಿಂದ ಪ್ಯಾಕ್ ಮಾಡುವಾಗಲೇ ‘ಮಾರಾಟವಾಗಿದೆ’ ಎಂದು, ಹೋಗುವ ದೇಶದ ಹೆಸರಿನೊಂದಿಗೆ ದಾಖಲಿಸುತ್ತೇವೆ. ವಾಪಸ್ ಬಂದದ್ದನ್ನು ಮತ್ತೆ ತೆರೆಯುವುದಿಲ್ಲ, ನಾಶಕ್ಕೇ ಕಳಿಸುತ್ತೇವೆ. ನಷ್ಟವೇ, ಆದರೆ 2ರಿಂದ 8 ಡಿಗ್ರಿಯಲ್ಲಿರಬೇಕಾದ ಇನ್ಸುಲಿನ್ ದಾರಿಯಲ್ಲಿ ಎಷ್ಟು ಬಿಸಿಲು ತಿಂದಿತೋ ಕೋಡ್‌ಗೆ ತಿಳಿಯದು.

ನೆಟ್‌ವರ್ಕ್ ಇಲ್ಲದಾಗಿನ ಸ್ಕ್ಯಾನ್‌ಗಳು ರಾತ್ರಿ ಒಟ್ಟಿಗೆ ಏರುತ್ತವೆ. ಬ್ಲಾಕ್‌ನ ಸಮಯವನ್ನೇ (ದಾಖಲೆ ಚೈನ್ ಏರಿದ ಹೊತ್ತು) ನಂಬಿದರೆ ಒಂದೇ ಡಬ್ಬಿ ಎರಡು ಕಡೆ ಇದ್ದಂತೆ ಸುಳ್ಳು ಅಲಾರಂ. ಸ್ಕ್ಯಾನ್ ನಿಜವಾಗಿ ನಡೆದ ಸಮಯವನ್ನು ಬೇರೆ ಫೀಲ್ಡ್‌ನಲ್ಲಿಡಿ.

ರೋಗಿಯ ಫೋನ್ ನಂಬರನ್ನು ಹ್ಯಾಶ್ ಮಾಡಿಯೂ (ಲೆಕ್ಕದ ಸೂತ್ರದಿಂದ ಗುರುತು ಸಿಗದ ಅಕ್ಷರಸಾಲಾಗಿಸಿಯೂ) ಚೈನ್‌ಗೆ ಹಾಕಬೇಡಿ. 10 ಅಂಕಿಯ ಎಲ್ಲ ನಂಬರುಗಳನ್ನೂ ಹ್ಯಾಶ್ ಮಾಡಿ ತಾಳೆ ನೋಡುವುದು ಕಂಪ್ಯೂಟರ್‌ಗೆ ಸಣ್ಣ ಕೆಲಸ. ಯುರೋಪಿನ ಗ್ರಾಹಕ ‘ನನ್ನ ಮಾಹಿತಿ ಅಳಿಸಿ’ ಎಂದರೆ ಅಳಿಸಲು ದಾರಿಯೂ ಇರಬೇಕು. ಹೆಸರು, ವಿಳಾಸ, ವೈದ್ಯರ ಚೀಟಿ ಎಲ್ಲವೂ ಹೊರಗಿನ ಡೇಟಾಬೇಸ್‌ನಲ್ಲಿ. ಚೈನ್ ಮೇಲೆ ಯಾರೂ ಊಹಿಸಲಾಗದಂತೆ ಯಾದೃಚ್ಛಿಕವಾಗಿ ಆರಿಸಿದ ಒಂದು ಆರ್ಡರ್ ಸಂಖ್ಯೆ ಮಾತ್ರ.